ಪಿಸ್ತೂಲಿಗೆ ಮಡಿಲಕ್ಕಿ

ಏಕಾಂತಯ್ಯ ಮಾಡಿದ ತಪ್ಪೆಂದರೆ ಮಾಯಸಂದ್ರದ ಎಸ್‌ಟಿಡಿ ಬೂತಿನಲ್ಲಿ ನಿಂತು ತಿಪಟೂರಿಗೆ ಫೋನು ಮಾಡಿದ್ದು. ಅವನ ಗಂಟಲಿಗೆ ಫೋನೇ ಬೇಕಿರಲಿಲ್ಲ, ತಿಪಟೂರಿನ ಕಡೆ ತಿರುಗಿ ನಿಂತಿದ್ದರೆ ಸಾಕಾಗುತ್ತಿತ್ತು. "ನಾಳೆ ಸಂಜೆ ನಾಲ್ಕಕ್ಕೆ ಬಂದು ಪಿಸ್ತೂಲು ತಗಂಡೋಗಿ ಜ್ಞಾನೇಶಪ್ಪಾರೇ" ಎಂದು ಅವನು ಕೂಗಿದ್ದು ಹೊರಗೆ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳಿಸಿತು. ಅವನು ಊರು ಮುಟ್ಟುವ ಹೊತ್ತಿಗೆ ಸುದ್ದಿ ಅಲ್ಲಿ ಉಂಡು ಮಲಗಿತ್ತು.

ಆ ಕಡೆಯಿಂದ ಜ್ಞಾನೇಶ ಒಂದೇ ಒಂದು ಪ್ರಶ್ನೆ ಕೇಳಿದ್ದ. "ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದು ಆಟ ಆಡಿಲ್ಲ ತಾನೇ? ಈ ಜಾತಿ ಪಿಸ್ತೂಲು ಅದರಿಂದ್ಲೇ ಕೆಡೋದು."

"ಛೇ ಛೇ" ಎಂದಿದ್ದ ಏಕಾಂತಯ್ಯ. ನಿಜ ಹೇಳುವವರು ಒಂದು ಸಲ ಛೇ ಅನ್ನುತ್ತಾರೆ.

ಆ ಪಿಸ್ತೂಲು ಬಂದದ್ದೇ ಸಿಟ್ಟಿನಿಂದ. ತೊಂಬತ್ತೆಂಟರಲ್ಲಿ ಪಕ್ಕದೂರಿನ ಒಬ್ಬರ ಅಟ್ಟದ ಮೇಲೆ ವರ್ಷವೆಲ್ಲ ಒಣಗಿದ್ದ ತೆಂಗಿನಕಾಯನ್ನು ಕಳ್ಳರು ಪೂರ್ತಿ ಇಳಿಸಿಕೊಂಡು ಹೋದರು. "ನನ್ ಅಟ್ಟಕ್ಕೆ ಕೈ ಇಕ್ಲಿ, ಸುಟ್ಟಾಕ್ಬುಡ್ತೀನಿ" ಎಂದು ಏಕಾಂತಯ್ಯ ಬೀದಿಯಲ್ಲಿ ನಿಂತು ಹಾರಾಡಿದ. ಸಿಟ್ಟು ಬರಲು ಒಂದು ನಿಮಿಷ ಸಾಕಾಯಿತು, ಲೈಸೆನ್ಸು ಬರಲು ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಆ ಕಳ್ಳರು ಸಿಕ್ಕಿಬಿದ್ದು, ಜೈಲು ಕಂಡು, ಬಿಡುಗಡೆಯಾಗಿ, ಅವರಲ್ಲೊಬ್ಬ ಹೋಟೆಲನ್ನೂ ಇಟ್ಟಿದ್ದ.

ಡಬಲ್ ಬ್ಯಾರೆಲ್ ಕೋವಿ ತರುತ್ತೇನೆಂದು ಬೆಂಗಳೂರಿಗೆ ಹೋದವನ ಮುಂದೆ ಅಂಗಡಿಯವನು ಅಂಗೈ ಅಗಲದ ಪಾಯಿಂಟ್ ಟೂಟೂ ಪಿಸ್ತೂಲು ಇಟ್ಟ. "ಯೂರೋಪಿನ ಮಾಲು ಸ್ವಾಮಿ. ಹೊರಗಿಂದ ತರಿಸೋದು ನಿಂತು ಎಷ್ಟೋ ಕಾಲ ಆಯ್ತು. ಇರೋವೇ ಕೈ ಬದಲಾಗ್ತಿವೆ. ಇದರ ಬೆಲೆ ಇಳಿಯೋ ಮಾತೇ ಇಲ್ಲ." ಕರಿ ಹಾವಿನ ಮರಿಯಂತೆ ಮಿರಮಿರ ಮಿಂಚುತ್ತಿತ್ತು. ಅಂಗಡಿಯವನು ಆಮೇಲೆ ಇನ್ನೂ ಏನೇನೋ ಹೇಳಿದ. ಏಕಾಂತಯ್ಯನಿಗೆ ಅದೊಂದೂ ಕೇಳಿಸಲಿಲ್ಲ. ಊರಿಗೆ ಬಂದವನೇ ತನ್ನ ಕೆಂಪು ಟ್ರ್ಯಾಕ್ಟರನ್ನು ಅದೇ ಊರಿನ ಚಿತ್ತೇಶನಿಗೆ ಮಾರಿ ಪಿಸ್ತೂಲು ತಂದ.

ತಂದದ್ದೇ ಬಂತು. ಕಳ್ಳರು ಈ ಕಡೆ ತಲೆ ಹಾಕಲಿಲ್ಲ. ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರಬೇಕು, ಮುಗಿದ ಮೇಲೆ ಸಾಹೇಬರು ಸಿಗುವವರೆಗೆ ಬೆಂಚಿನ ಮೇಲೆ ಕೂತು ಬಿಡಿಸಿಕೊಂಡು ಬರಬೇಕು. ಅಟ್ಟ ಕಾಯಲು ತಂದ ಪಿಸ್ತೂಲನ್ನು ಅವನೇ ಕಾಯುವ ಹಾಗಾಯಿತು. ಇತ್ತ ಕೆಂಪು ಟ್ರ್ಯಾಕ್ಟರು ದಿನಾ ಸಂಜೆ ಅವನ ಮನೆಯ ಮುಂದೆಯೇ ಹೋಗುತ್ತಿತ್ತು. ಸದ್ದು ಕೇಳಿದ ಕೂಡಲೇ ಏಕಾಂತಯ್ಯ ಜಗಲಿಯಿಂದ ಎದ್ದು ಒಳಗೆ ಹೋಗಿಬಿಡುತ್ತಿದ್ದ. "ಪಾಪ, ನೋಡಕ್ಕಾಗಲ್ಲ ಅವನ್ಗೆ" ಅನ್ನುತ್ತಿದ್ದರು ಊರವರು.

ಎರಡು ವರ್ಷವಾದ ಮೇಲೆ ಈಗ ದಾರಿಯೊಂದು ಕಂಡಿತ್ತು. ತಿಪಟೂರಿನ ಜ್ಞಾನೇಶನಿಗೆ ಲೈಸೆನ್ಸೂ ಇತ್ತು, ಇಂಥ ಪಿಸ್ತೂಲಿನ ಹುಚ್ಚೂ ಇತ್ತು. ಮಾರಾಟದ ಅನುಮತಿಯೂ ಬಂದಿತ್ತು. ಚಿತ್ತೇಶ ಕಡ್ಡಿ ಮುರಿದಂತೆ ಹೇಳಿದ್ದ: "ನಾಳೆ ಹೊತ್ತು ಮುಳುಗೋದ್ರೊಳಗೆ ದುಡ್ಡು ಕೊಟ್ರೆ ಟ್ರ್ಯಾಕ್ಟರ್ ನಿಂದೇ ಕಣಣ್ಣ. ಇಲ್ದಿದ್ರೆ ಹುಳಿಯಾರಿನೋರು ನಾಡಿದ್ದು ಬಂದು ಹೊಡ್ಕಂಡೋಗ್ತಾರೆ."

ಮಾರನೆಯ ಬೆಳಿಗ್ಗೆ ಏಕಾಂತಯ್ಯ ಪಿಸ್ತೂಲು ಒರೆಸುತ್ತ ಕೂತಿದ್ದಾಗ ಚಿಕ್ಕಪ್ಪ ರೇವಣಸಿದ್ದಯ್ಯ ಒಳಗೆ ಬಂದ.

"ಹೋಯ್ತದಂತಲ್ಲೋ ಇದು? ಒಂದ್ಸಲ ಟಕ್ ಅನ್ನುಸ್ತೀನಿ, ಕೊಡ್ಲಾ ಇಲ್ಲಿ."

"ಮುಟ್ಬೇಡ ಚಿಕ್ಕಪ್ಪ! ಖಾಲಿ ಎಳುದ್ರೆ ಕೆಡ್ತದಂತೆ."

"ಎರಡು ವರ್ಷದಿಂದ ಕೆಡ್ದೇ ಇದ್ದದ್ದು ನನ್ ಕೈ ತಾಕಿದ ತಕ್ಷಣ ಕೆಡ್ತದಾ? ನನ್ ಕೈಯೇನು ಹಾಳು ಕೈಯಾ?" ಎಂದು ಮುದುಕ ಕಿತ್ತುಕೊಂಡೇ ಬಿಟ್ಟ. ಟಕ್!

ಏಕಾಂತಯ್ಯನ ಕೂಗಿಗೆ ಹಿತ್ತಿಲ ಕೋಳಿಗಳು ಪಕ್ಕದ ಮನೆಗೆ ಹಾರಿದವು. ಚಿಕ್ಕಪ್ಪನನ್ನು ಹೊರಗಟ್ಟಿ, ಪಿಸ್ತೂಲನ್ನು ರಾಗಿ ಡ್ರಮ್ಮಿನೊಳಗೆ ಮೊಳಕೈವರೆಗೂ ಇಳಿಸಿ ಹೂತಿಟ್ಟ. "ಯಾರ್ ಕೇಳುದ್ರೂ ಇಲ್ಲ ಅನ್ನು ಕಣೇ" ಎಂದು ಹೆಂಡತಿ ಗಿರಿಜಾಂಬಿಕಾಗೆ ಹೇಳಿ ಸ್ನಾನಕ್ಕೆ ಹೋದ.

ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರೆ ನಡುಮನೆಯಲ್ಲಿ ಆರೇಳು ಹೆಂಗಸರು. ಮಧ್ಯೆ ಮಣೆ, ಮಣೆಯ ಮೇಲೆ ಗಿರಿಜಾಂಬಿಕಾ ರಾಗಿಯಿಂದ ಎತ್ತಿ ಕೊಟ್ಟ ಪಿಸ್ತೂಲು. ಅದರ ಹಣೆ ಎಲ್ಲಿದೆಯೆಂದು ತಿಳಿಯದೆ ಎಲ್ಲೆಲ್ಲೂ ಅರಿಶಿನ ಕುಂಕುಮ ಹಚ್ಚಿದ್ದರು. ಹಿಡಿಕೆಗೆ ಕನಕಾಂಬರದ ದಂಡೆ. ಪಕ್ಕದ ಮೊರದಲ್ಲಿ ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ವೀಳ್ಯದೆಲೆ, ಅರ್ಧ ಡಜನ್ ಹಸಿರು ಬಳೆ.

"ಏನ್ರೇ ಇದು!"

ಎದುರು ಮನೆಯ ಚಿಕ್ಕಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮನೇಲಿದ್ದ ವಸ್ತು ಏಕಾಂತಣ್ಣ. ಆಯುಧಪೂಜೇಲಿ ನಮ್ ಕೈಯಲ್ಲೇ ಪೂಜೆ ಮಾಡುಸ್ಕಂಡಿತ್ತು. ಬರಿ ಮಡಿಲಲ್ಲಿ ಕಳುಸ್ತಾರಾ?"

"ಅದು ಮಗಳಲ್ಲ, ಪಿಸ್ತೂಲು ಕಣಮ್ಮ!"

"ನಿಂಗೆ ಮಗಳಿಲ್ಲ, ಅದುಕ್ಕೇ ಗೊತ್ತಾಗಲ್ಲ" ಎಂದು ಆಕೆ ಇನ್ನೂ ಜೋರಾಗಿ ಅತ್ತಳು. ಆಕೆಯ ಮಗಳು ಆಷಾಢಕ್ಕೆ ಬಂದು ಹೋಗಿ ವಾರವಾಗಿತ್ತು, ಅಳು ಅಲ್ಲಿಂದ ಬಂದದ್ದು. ಆದರೆ ಕುಂಕುಮ ಹೋದದ್ದು ಪಿಸ್ತೂಲಿನ ನಳಿಕೆಯೊಳಕ್ಕೆ. ಬಟ್ಟೆಯ ಬತ್ತಿ ಹೊಸೆದು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಪೊರಕೆ ಕಡ್ಡಿಯಲ್ಲಿ ತಳ್ಳಿ ತಳ್ಳಿ ತೆಗೆಯುವುದರಲ್ಲಿ ಏಕಾಂತಯ್ಯನಿಗೆ ಊಟದ ಹೊತ್ತು ಮೀರಿತು.

ನಾಲ್ಕಕ್ಕೆ ಸರಿಯಾಗಿ ಜ್ಞಾನೇಶನ ವ್ಯಾನು ಬಂತು. ಹಿಂದೆಯೇ ಊರೂ ಬಂತು. ಜ್ಞಾನೇಶ ಮೆತ್ತಗಿನ ಮನುಷ್ಯ, ಪಿಸ್ತೂಲನ್ನು ಹಸುಗೂಸಿನಂತೆ ಎತ್ತಿಕೊಂಡ. ಬಿಚ್ಚಿದಾಗ ನಾಲ್ಕು ಕಾಳು ರಾಗಿ ಉದುರಿತು. ಮೂಸಿ ನೋಡಿ, "ಒಗ್ಗರಣೆ ಏನಾದ್ರೂ ಹಾಕಿದ್ರಾ?" ಎಂದ. ಆದರೂ ಮುಖ ಅರಳಿತ್ತು. "ಮಾಲು ಚೆನ್ನಾಗಿದೆ ಕಣ್ರೀ ಏಕಾಂತಯ್ಯನವರೇ. ಒಂದು ಗುಂಡು ಹಾರಿಸಿ ನೋಡ್ತೀನಿ, ದುಡ್ಡು ತಂದಿದೀನಿ."

ತೋಟದಲ್ಲಿ ಒಂದು ಕೊರಡಿನ ಮೇಲೆ ತೆಂಗಿನಕಾಯಿ ಇಟ್ಟರು. ಊರೆಲ್ಲ ಕಿವಿ ಮುಚ್ಚಿಕೊಂಡಿತು. ಏಕಾಂತಯ್ಯನ ಕಣ್ಣ ಮುಂದೆ ಕೆಂಪು ಟ್ರ್ಯಾಕ್ಟರು ಹಟ್ಟಿಯೊಳಗೆ ಬಂದು ನಿಂತಿತು.

ಟಕ್.

ಜ್ಞಾನೇಶ ಆ ಗುಂಡನ್ನು ತೆಗೆದು ನೋಡಿದ. ಇನ್ನೊಂದು ಹಾಕಿದ. ಟಕ್.

"ನೋಡಿ, ಈ ಗುಂಡಿಗೆ ಮದ್ದು ಹೊತ್ಕೊಳ್ಳೋದು ಅಂಚಿನಲ್ಲಿ. ಒಳಗಿನ ಮೊಳೆ ಅಂಚಿಗೇ ಬಡೀಬೇಕು. ಗುಂಡಿಲ್ದೆ ಎಳೆದರೆ ಆ ಮೊಳೆ ಕಬ್ಬಿಣಕ್ಕೆ ಬಡಿದು ಮೊಂಡಾಗುತ್ತೆ. ಇದಕ್ಕೆ ಹೊಸ ಮೊಳೆ ಎಲ್ಲೂ ಸಿಗಲ್ಲ. ಯಾರೋ ಸಾವಿರಾರು ಸಲ ಎಳೆದಿದಾರೆ ಕಣ್ರೀ."

"ಇವನೇ!" ಏಕಾಂತಯ್ಯ ಚಿಕ್ಕಪ್ಪನ ಮೇಲೆ ಹಾರಿದ. "ಬೆಳಿಗ್ಗೆ ಟಕ್ ಅನ್ನಿಸ್ದ! ಈ ಹೆಂಗಸರು ಕುಂಕುಮ ತುಂಬುದ್ರು! ಎಲ್ಲಾ ಸೇರ್ಕಂಡು ನನ್ ಮನೆ ತೆಗೆದ್ರಿ!"

"ನಾನು ಎಳ್ದಿದ್ದು ಒಂದೇ ಸಲ ಕಣ್ಲಾ!" ಮುದುಕ ಕೋಲು ಎತ್ತಿದ.

ಗಿರಿಜಾಂಬಿಕಾ ಹಿತ್ತಿಲ ಬಾಗಿಲಲ್ಲೇ ನಿಂತಿದ್ದಳು. "ರೀ, ಊರೋರನ್ನ ಯಾಕ್ ಬೈತೀರಾ? ಟ್ರ್ಯಾಕ್ಟರ್ ಸದ್ದು ಕೇಳಿದ್ರೆ ದಿನಾ ಒಳಗೆ ಹೋಗಿ ಕಿಟಕೀಲಿ ನಿಂತು ಗುರಿ ಇಡೋರು ಯಾರು? ಅದು ಮರೆಯಾಗೋಗಂಟ ಟಕ್ ಟಕ್ ಅನ್ಸೋರು ಯಾರು? ಒಲೆ ಮುಂದೆ ಕೂತು ನಾನೇ ಎಣಿಸಿದೀನಿ. ಒಂದೊಂದು ಸಂಜೆಗೂ ಹದಿನೈದಕ್ಕೆ ಕಮ್ಮಿ ಇಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಏಕಾಂತಯ್ಯನಿಗೆ ಬೈಯಲು ಯಾರಾದರೂ ಸಿಗುತ್ತಿದ್ದರು. ಜ್ಞಾನೇಶ ಪಿಸ್ತೂಲನ್ನು ಅವನ ಕೈಗಿಟ್ಟು, "ಒಳಗೆ ಗುಂಡಿದೆ, ಮರೀದೆ ತೆಗೆದಿಡಿ. ಮೊಂಡು ಮೊಳೆ ನೋಡಿ, ಗುಂಡು ಯಾವಾಗ ಹಾರುತ್ತೋ ಹೇಳಕ್ಕಾಗಲ್ಲ" ಎಂದು ವ್ಯಾನು ಹತ್ತಿದ. ಅಂಗಡಿಯವನ ಮಾತಿನಂತೆಯೇ ಈ ಮಾತೂ ಏಕಾಂತಯ್ಯನ ಕಿವಿಗೆ ಹೋಗಲಿಲ್ಲ.

ಹೊತ್ತು ಇಳಿಯುತ್ತಿತ್ತು. ಏಕಾಂತಯ್ಯ ಪಿಸ್ತೂಲು ಹಿಡಿದುಕೊಂಡೇ ಒಳಗೆ ಕಿಟಕಿಯ ಬಳಿ ಕೂತ. ಟ್ರ್ಯಾಕ್ಟರು ಮನೆಗೆ ಬಂದ ಮೊದಲ ದಿನ ಗಾಲಿಗೆ ನಿಂಬೆಹಣ್ಣಿಟ್ಟದ್ದು, ಗಿರಿಜಾಂಬಿಕಾ ಮಡ್ಗಾರ್ಡಿನ ಮೇಲೆ ಕೂತು ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗುವಾಗ ಭಯಕ್ಕೆ ತನ್ನ ಹೆಗಲು ಹಿಡಿದದ್ದು ಎಲ್ಲ ನೆನಪಾಯಿತು. ಬಾರದ ಕಳ್ಳನೊಬ್ಬನಿಗಾಗಿ ಮನೆಯಲ್ಲಿದ್ದುದನ್ನು ಕಳೆದುಕೊಂಡೆನಲ್ಲ ಅನಿಸಿತು. ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಆಗ ತಿರುವಿನಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು.

ಕೈ ತಾನಾಗಿ ಮೇಲೆದ್ದಿತು. ಚಿತ್ತೇಶನ ಮೇಲೆ ಅವನಿಗೆ ಯಾವತ್ತೂ ಹಗೆ ಇರಲಿಲ್ಲ, ಗುರಿ ಎಂದಿನಂತೆ ಟ್ರ್ಯಾಕ್ಟರಿನ ಮೂತಿಗೆ. ಹೆಬ್ಬೆರಳು ಅಭ್ಯಾಸದಂತೆ ಪಿಸ್ತೂಲಿನ ಕೊಕ್ಕೆಯನ್ನು ಹಿಂದಕ್ಕೆ ಎಳೆಯಿತು, ತೋರುಬೆರಳು ಅಭ್ಯಾಸದಂತೆ ಒತ್ತಿತು.

ಢಂ!

ಚಿತ್ತೇಶ ಚರಂಡಿಗೆ ನೆಗೆದ. ಟ್ರ್ಯಾಕ್ಟರು ಬೇಲಿಗೆ ಮೂತಿ ಇಟ್ಟು ನಿಂತಿತು. ರೇಡಿಯೇಟರಿನ ತೂತಿನಿಂದ ಬಿಸಿನೀರು ಚಿಮ್ಮಿತು. ಏಕಾಂತಯ್ಯ ಓಡಿ ಬಂದಾಗ ಕಂಡದ್ದು ತೊಳೆದು ಹೊಳೆಯುತ್ತಿದ್ದ ಬಾನೆಟ್ಟು, ಅದರ ಮೇಲೊಂದು ಚೆಂಡುಹೂವಿನ ಹಾರ.

ಚಿತ್ತೇಶ ಕೆಸರು ಒರೆಸಿಕೊಳ್ಳುತ್ತ ಎದ್ದ. "ಯಾಪಾರ ಮುರುದೋಯ್ತು ಅಂತ ಗೊತ್ತಾಯ್ತು ಕಣಣ್ಣ. ಪಾಪ, ದುಡ್ಡು ಆಮೇಲೆ ಕೊಡ್ಲಿ, ಮೊದ್ಲು ನಿನ್ ಹಟ್ಟೀಲಿ ಗಾಡಿ ನಿಲ್ಸಿ ಬರಾನ ಅಂತ ತೊಳ್ಕಂಡು ಬಂದೆ. ನೀನು ಗುಂಡು ಹೊಡೀತೀಯಲ್ಲೋ!"

ಏಕಾಂತಯ್ಯ ಹೆಗಲ ಟವೆಲ್ಲು ತೆಗೆದು ತೂತಿಗೆ ಒತ್ತಿ ಹಿಡಿದ.

"ತೂತು ಮುಚ್ಚುಸ್ಕೊಡು. ಹುಳಿಯಾರಿನೋರ್ಗೇ ಕೊಡ್ತೀನಿ" ಎಂದು ಚಿತ್ತೇಶ ಹಾರ ಕಿತ್ತು ಚರಂಡಿಗೆ ಎಸೆದು ನಡೆದ.

ಸದ್ದು ಕೇಳಿ ರೇವಣಸಿದ್ದಯ್ಯ ಕೋಲೂರಿಕೊಂಡು ಓಡಿಬಂದ. ಅವನ ಮುಖದಲ್ಲಿ ಹಬ್ಬ. "ಯಾವನ್ಲಾ ಕೆಟ್ಟೋಗದೆ ಅಂದಿದ್ದು? ಊರೆಲ್ಲ ಕೇಳ್ತು! ಓಡೋಗ್ಲಾ ಏಕಾಂತ, ತಿಪಟೂರೋನ್ಗೆ ಫೋನ್ ಮಾಡು!"

ಒಳಗೆ ಗಿರಿಜಾಂಬಿಕಾ ಮಡಿಲಕ್ಕಿಯನ್ನು ಡಬ್ಬಿಗೆ ವಾಪಸ್ ಸುರಿಯುತ್ತಿದ್ದಳು.