ಕಾಶಿನಾಥನ ಕಿಟಕಿಯ ಗಣಿ

ಮೇಲಿನ ಮಹಡಿಯ ವಸಂತಿಯಕ್ಕ ದಿನಾ ಬೆಳಿಗ್ಗೆ ಪಾರಿವಾಳಗಳಿಗೆಂದು ಒಂದು ಹಿಡಿ ಜೋಳ ಚೆಲ್ಲುತ್ತಿದ್ದರು. ತಿನ್ನುವವರೆಗೆ ಪಾರಿವಾಳಗಳು ಅವರವು, ತಿಂದ ಮೇಲೆ ಕಾಶಿನಾಥನವು. ಮುಂಬಯಿಯ ಘಾಟ್ಕೋಪರಿನಲ್ಲಿದ್ದ ಅವನ ಒಂದು ಕೋಣೆಯ ಮನೆಗೆ ಇದ್ದದ್ದೇ ಒಂದು ಕಿಟಕಿ. ಅದರ ಹೊರಗಿನ ಕಟ್ಟೆಯ ಮೇಲೆ ಹಿಕ್ಕೆ ನಾಲ್ಕು ಬೆರಳು ದಪ್ಪ ಕೂತಿತ್ತು. ಆ ಹಿಕ್ಕೆಯ ಧೂಳಿಗೇ ಹೆಂಡತಿ ಶೈಲಾಳಿಗೆ ಕೆಮ್ಮು ಹತ್ತಿದೆ, ಅಲ್ಲಿ ಒಂದು ಪಾರಿವಾಳವೂ ಸುಳಿಯಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಆ ಭಾನುವಾರ ಚಹಾ ಕುಡಿಯಲೂ ಆಗದಷ್ಟು ಕೆಮ್ಮಿದಳು. ಕಾಶಿನಾಥನ ಪಿತ್ತ ನೆತ್ತಿಗೇರಿತು. ಬನಿಯನ್ನಿನಲ್ಲೇ ಮೇಲೆ ಹತ್ತಿದ.

"ಅಕ್ಕಾರ, ಕಾಳ ಹಾಕೋದು ನಿಲ್ಲಸ್ರಿ. ನಮ್ಮ ಮನ್ಯಾಕಿಗೆ ಉಸರಾಡಾಕ ಆಗವಲ್ದು."

"ಇದು ಪುಣ್ಯದ ಕೆಲಸ ಮಾರಾಯ್ರೆ. ಕಷ್ಟ ಆದ್ರೆ ಕಿಟಕಿ ಹಾಕಿಕೊಳ್ಳಿ," ಎಂದ ವಸಂತಿಯಕ್ಕ ಅವನೆದುರಿಗೇ ಇನ್ನೊಂದು ಹಿಡಿ ಚೆಲ್ಲಿದರು.

ಗಲಾಟೆಗೆ ಬಾಗಿಲುಗಳೆಲ್ಲ ತೆರೆದವು. ಬಲೆ ಕಟ್ಟಿಸಿ ಎಂದರೊಬ್ಬರು, ಮನೆಯನ್ನೇ ಬದಲಿಸಿ ಎಂದರಿನ್ನೊಬ್ಬರು. ಬಿಟ್ಟಿ ಸಲಹೆಗೆ ಆ ಬಿಲ್ಡಿಂಗಿನಲ್ಲಿ ಯಾವತ್ತೂ ಬರವಿರಲಿಲ್ಲ. ಸ್ಟೇಷನ್ ಪಕ್ಕ ಹೋಟೆಲಿಟ್ಟಿರುವ ಸೊಸೈಟಿ ಸೆಕ್ರೆಟರಿ ಸುಕೇಶ್ ಎಲ್ಲರನ್ನೂ ಅಂಗಳಕ್ಕಿಳಿಸಿ ಮೀಟಿಂಗ್ ಹಾಕಿದರು. ಪಾರಿವಾಳಗಳಿಗಿದ್ದಷ್ಟು ವಕೀಲರು ಅಲ್ಲಿ ಕಾಶಿನಾಥನಿಗಿರಲಿಲ್ಲ.

ವಡಾಲದ ಗೊಬ್ಬರ ಕಂಪನಿಯೊಂದರಲ್ಲಿ, ಹಡಗಿನಿಂದಿಳಿಯುವ ಫಾಸ್ಫೇಟ್ ಕಲ್ಲನ್ನು ಪರೀಕ್ಷಿಸುವುದು ಅವನ ಕೆಲಸ. ಸಿಟ್ಟಿನಲ್ಲಿ ಆ ವಿದ್ಯೆಯನ್ನೆಲ್ಲ ಹೊರಗೆ ಹಾಕಿದ.

"ಎಷ್ಟೋ ದ್ವೀಪದಾಗ ಹಕ್ಕಿ ಹಿಕ್ಕಿ ಬಿದ್ದು ಬಿದ್ದು ಫಾಸ್ಫೇಟ್ ಕಲ್ಲಾಗೇತಿ. ಗಣಿ ತೋಡಿ, ಹಡಗ ತುಂಬಿ ಒಯ್ದಾರ. ಬೆಳಿಗೆ ಹಾಕೋದು ಅದನ್ನ, ಕಡ್ಡಿಪೆಟ್ಟಿಗಿ ಮಗ್ಗಲಿಗೆ ಹಚ್ಚೋ ರಂಜಕಾನೂ ಅದರಾಗಿಂದನ ತಗೀತಾರ. ಹಿಂಗ ಬಿಟ್ರ ನನ್ನ ಕಿಟಕ್ಯಾಗೂ ಗಣಿ ತೋಡ್ರಿ ಮತ್ತ."

ಮೀಟಿಂಗಿನ ತಲೆಗಳೆಲ್ಲ ಒಮ್ಮೆಲೇ ಅವನ ಕಿಟಕಿಯತ್ತ ತಿರುಗಿದವು. ಅಂತೂ ನಾಟಿತು ಎಂದುಕೊಂಡು ಅವನು ಬೆವರೊರೆಸಿಕೊಂಡ. ಸೆಕ್ರೆಟರಿ ಮಾತ್ರ ಅಂಗಳದ ಸೊರಗಿದ ಗುಲಾಬಿ ಗಿಡಗಳನ್ನೇ ನೋಡುತ್ತಿದ್ದರು.

"ಇದಕ್ಕೊಂದು ವ್ಯವಸ್ಥೆ ಮಾಡುವ. ಸಂಜೆಯೊಳಗೆ ನೋಟೀಸ್ ಕಳಿಸ್ತೇನೆ," ಎಂದರು.

ಕಾಶಿನಾಥ ಎರಡೆರಡು ಮೆಟ್ಟಿಲು ಹಾರಿ ಬಂದು, ನಾಳೆಯಿಂದ ಕಿಟಕಿ ತೆಗೆಯಬಹುದೆಂದು ಶೈಲಾಳಿಗೆ ಹೇಳಿದ.

ಸಂಜೆ ವಾಚ್‌ಮನ್ ಅಣವೀರಪ್ಪ ಬಂದ. ಕೈಯಲ್ಲಿ ನೋಟೀಸು, ಹೆಗಲ ಮೇಲೊಂದು ಚೀಲ. ವಸಂತಿಯವರು ಇನ್ನು ಕಾಳು ಹಾಕುವಂತಿಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು. ಕಾಶಿನಾಥನ ಮುಖ ಅರಳಿತು.

"ಮುಂದಿಂದೂ ಓದ್ರಿ ಸಾಹೇಬ್ರ," ಎಂದು ಅಣವೀರಪ್ಪ ಜೋಳದ ಚೀಲ ಇಳಿಸಿದ. "ಮ್ಯಾಲಿಂದ ಚೆಲ್ಲಿದ್ರ ಅರ್ಧ ಹಿಕ್ಕಿ ಗಟಾರಕ್ಕ ಬಿದ್ದು ಹಾಳಾಗ್ತದಂತ. ನೀವು ತಿಳದಾವ್ರು, ನಾಳಿಂದ ನಿಮ್ಮ ಕಿಟಕ್ಯಾಗ ನೀವ ಹಾಕಬೇಕಂತ. ಐತವಾರಕ್ಕೊಮ್ಮಿ ಕೆರದು ಗುಲಾಬಿಗೆ ಕೊಡಬೇಕಂತ."

ಒಳಗಿನಿಂದ ಶೈಲಾ ಕೆಮ್ಮುತ್ತಲೇ ಕೇಳಿದಳು: "ಏನ್ ಬರದಾರ್ರೀ? ಕಿಟಕಿ ತಗೀಲೇನು?"