ಮೂರನೇ ಮಹಡಿಯ ಅಧಿಕೃತ ಪರೀಕ್ಷೆ

ಲಿಫ್ಟ್ ಮೂರನೇ ಮಹಡಿಯಲ್ಲಿ ನಿಲ್ಲುವುದಿಲ್ಲ ಎಂಬುದು ಆ ಕಟ್ಟಡದ ಸಮಸ್ತರಿಗೂ ತಿಳಿದಿದ್ದ, ಆದರೆ ವಿಧ್ಯುಕ್ತವಾಗಿ ಇನ್ನೂ ಸಾಬೀತಾಗದ ಸಂಗತಿಯಾಗಿತ್ತು.

ಲಿಫ್ಟನ್ನು ನಡೆಸುವ ತಂತ್ರಾಂಶ ಮುಕ್ತವಾದದ್ದು. ಯಾರು ಬೇಕಾದರೂ ಅದರ ಕೋಡ್ ಓದಬಹುದು, ತಿದ್ದುಪಡಿ ಕಳಿಸಬಹುದು. ಎಲ್ಲರದೂ ಆದ್ದರಿಂದ ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಮೂರನೇ ಮಹಡಿಯವರು ನಾಲ್ಕಕ್ಕೆ ಹೋಗಿ, ಮೆಟ್ಟಿಲಿಳಿದು ಮನೆ ಸೇರುತ್ತ ಹಾಯಾಗಿದ್ದರು. ಆ ಮಹಡಿಯಲ್ಲೇ ಇದ್ದ, ಈಜು ಕಲಿಸುವ ಮೇಷ್ಟ್ರು ಕೊಳದ ಅಂಚಿನಲ್ಲಿ ಜಾರಿ ಬಿದ್ದು, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ನಾಲ್ವರ ಹೆಗಲ ಮೇಲೆ ಮನೆಗೆ ಬಂದ ಮೇಲೆ ತಾಪತ್ರಯ ಶುರುವಾಯಿತು. ಅವರ ಹೆಂಡತಿ ಕೋಡ್ ಬರೆಯುವವಳು. ಗಂಡ ದಿನವಿಡೀ ಕಿಟಕಿಗೆ ಮೂಗೊತ್ತಿ ಕೂರುವುದು ನೋಡಿ ಅವಳಿಗೆ ಕರುಳು ಚುರುಕ್ಕೆಂದಿತು. ದೋಷ ಹುಡುಕಿ, ಒಂದೇ ಸಾಲು ತಿದ್ದಿ ಕಳಿಸಿದಳು.

ತಿದ್ದುಪಡಿಗಳನ್ನು ಪರಿಶೀಲಿಸಿ ಸೇರಿಸುವ ತಂತ್ರಾಂಶದ ಪಾಲಕರು ಸಂಬಳವಿಲ್ಲದೆ ದುಡಿಯುವವರು, ಆದ್ದರಿಂದ ಯಾರ ಮಾತನ್ನೂ ಕೇಳಬೇಕಾಗಿರಲಿಲ್ಲ. ಅವರು ಒಪ್ಪದ್ದನ್ನು ಕಟ್ಟಡದ ಸಂಘ ಲಿಫ್ಟಿಗೆ ಹಾಕುತ್ತಲೂ ಇರಲಿಲ್ಲ. ಉತ್ತರ ಬಂತು: "ತಮ್ಮ ಕೊಡುಗೆ ಶ್ಲಾಘನೀಯ. ಪರೀಕ್ಷೆ ಲಗತ್ತಿಸದ ಕಾರಣ ಸ್ವೀಕಾರಾರ್ಹವಲ್ಲ."

ಇದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಲಿಫ್ಟ್ ನಿಲ್ಲುತ್ತದೋ ಇಲ್ಲವೋ ಎಂದು ತಾಳೆ ನೋಡುವ ಪರೀಕ್ಷೆಯನ್ನೂ ಬರೆದು ಕಳಿಸಿದಳು. ಪಾಲಕರಲ್ಲೊಬ್ಬರು ಫೋನ್ ಮಾಡಿದರು.

"ತಿದ್ದೋಕೆ ಮುಂಚೆ ದೋಷ ಇದೆ ಅಂತ ಸಾಬೀತಾಗಬೇಕಲ್ಲಮ್ಮ. ನಿಜವಾದ ಮನುಷ್ಯ ಗುಂಡಿ ಒತ್ತಬೇಕು, ಲಿಫ್ಟ್ ಬರಬಾರದು. ಆಗ ಪರೀಕ್ಷೆ ಪಾಸು."

"ನಮ್ಮ ಮನೆಯವರು ಇದ್ದಾರೆ ಸರ್. ಕಾಲು ಮುರಿದಿದೆ."

"ಬಹಳ ಒಳ್ಳೇದಾಯ್ತು. ಬೇಜಾರಾಗಿ ಮಧ್ಯದಲ್ಲಿ ಎದ್ದುಹೋಗಲ್ಲ."

ಮರುದಿನದಿಂದ ಮೇಷ್ಟ್ರು ಊರುಗೋಲು ಊರಿಕೊಂಡು ಹೋಗಿ ಗುಂಡಿ ಒತ್ತತೊಡಗಿದರು. ಲಿಫ್ಟ್ ಗುರ್ರೆನ್ನುತ್ತ ದಾಟಿಹೋಯಿತು. "ಬರಲಿಲ್ಲ" ಎಂದು ವರದಿ ಕಳಿಸಿದರು. ಕಂಪ್ಯೂಟರ್ ಪರದೆಯ ಮೇಲೆ 'ಪಾಸು' ಎಂಬ ಹಸಿರು ಗುರುತು ಬಿತ್ತು. ತಂತ್ರಾಂಶದ ಇತಿಹಾಸದಲ್ಲೇ ಎಲ್ಲ ಪರೀಕ್ಷೆಗಳೂ ಪಾಸಾದದ್ದು ಇದೇ ಮೊದಲು. ಸಂಘದವರು ನೋಟಿಸ್ ಬೋರ್ಡಿನಲ್ಲಿ ಅಭಿನಂದನೆ ಅಂಟಿಸಿದರು.

"ಇನ್ನು ನನ್ನ ಸಾಲು ಸೇರಿಸ್ತೀರಾ ಸರ್?"

"ಸೇರಿಸಿ ನೋಡಿದೆ ಕಣಮ್ಮ. ಲಿಫ್ಟ್ ಬಂದುಬಿಡುತ್ತೆ. ಪರೀಕ್ಷೆ ಫೇಲ್."

"ಬರಲಿ ಅಂತಾನೇ ಅಲ್ವಾ ತಿದ್ದಿದ್ದು?"

"ಪಾಸಾಗ್ತಿರೋ ಪರೀಕ್ಷೇನ ಕೆಡಿಸೋ ತಿದ್ದುಪಡಿ ತಗೊಳ್ಳೋಕೆ ನಿಯಮದಲ್ಲಿ ಅವಕಾಶ ಇಲ್ಲ."

"ಹಾಗಾದ್ರೆ ಪರೀಕ್ಷೇನೇ ಬದಲಾಯಿಸ್ತೀನಿ."

"ಧಾರಾಳವಾಗಿ. ಆದರೆ ಅದೂ ತಿದ್ದುಪಡಿನೇ ಆಯ್ತಲ್ಲ, ಅದಕ್ಕೊಂದು ಪರೀಕ್ಷೆ ಲಗತ್ತಿಸಿ."

ಆ ದಿನ ಅವಳು ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡು, ಆಮೇಲೆ ಅತ್ತಳು. ಮೇಷ್ಟ್ರೇ ಸಮಾಧಾನ ಮಾಡಿದರು. "ಬಿಡೇ, ನನಗೂ ಬೆಳಗಾದ್ರೆ ಒಂದು ಕೆಲಸ ಅಂತ ಆಯ್ತು." ಅವರಿಗೆ ಆಗಲೇ 'ಕಾಯಂ ಪರೀಕ್ಷಕರು' ಎಂಬ ಬಿಲ್ಲೆ ಬಂದಿತ್ತು. ಗುಂಡಿ ಒತ್ತಲು ಇಸ್ತ್ರಿ ಅಂಗಿ ತೊಟ್ಟೇ ಹೋಗುತ್ತಿದ್ದರು. ಕೆಲ ದಿನಗಳಲ್ಲಿ ಅವಳನ್ನೂ ಪಾಲಕ ಮಂಡಳಿಗೆ ಸೇರಿಸಿಕೊಳ್ಳಲಾಯಿತು. ಇಂಥ ಪರೀಕ್ಷೆಯನ್ನು ಒದಗಿಸಿದವಳು ಅವಳೇ ತಾನೇ. ಬೇರೆಯವರ ತಿದ್ದುಪಡಿಗಳನ್ನು ತಿರಸ್ಕರಿಸುವುದರಲ್ಲಿ ಒಂದು ಬಗೆಯ ನೆಮ್ಮದಿ ಇದೆಯೆಂದು ಅವಳಿಗೆ ತಿಳಿದದ್ದು ಆಗ.

ಪ್ಲಾಸ್ಟರ್ ಬಿಚ್ಚುವ ದಿನ ಡಾಕ್ಟರು ಗರಗಸದ ಸಮೇತ ನಾಲ್ಕನೇ ಮಹಡಿಯಿಂದ ಇಳಿದು ಬಂದರು. ಕಾಲು ಮುಟ್ಟಿ ನೋಡಿ, "ಪೂರ್ತಿ ಕೂಡಿಕೊಂಡಿದೆ. ಬಿಚ್ಚಿದ್ರೆ ಇವತ್ತೇ ನೀವು ಮೆಟ್ಟಿಲು ಇಳೀಬಹುದು" ಎಂದರು.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಪರದೆಯ ಮೇಲಿನ ಹಸಿರು ಗುರುತು ನೋಡಿದಳು.

"ಬಿಚ್ಚಿದ ಮೇಲೆ ನಡೀತಾರೆ ಅನ್ನೋದಕ್ಕೆ ಪರೀಕ್ಷೆ ಲಗತ್ತಿಸಿದ್ದೀರಾ ಡಾಕ್ಟ್ರೇ?"

ಡಾಕ್ಟರು ಇಲ್ಲವೆಂದು ಒಪ್ಪಿಕೊಂಡರು. ಕ್ಷಮೆ ಕೇಳಿ, ಗರಗಸವನ್ನು ಚೀಲಕ್ಕೆ ಸೇರಿಸಿ, ಲಿಫ್ಟ್ ಹಿಡಿಯಲು ನಾಲ್ಕನೇ ಮಹಡಿಗೆ ಹತ್ತಿದರು.