ಭಜನೆಯ ನಡುವೆ ಬಿದ್ದ ಗೋಲು

ವಾದದಲ್ಲಿ ಸೋತವನಿಗೆ ಒಂದು ಅನುಕೂಲ ಉಂಟು. ಅವನು ಮನೆಗೆ ಹೋಗಿ ಹೊದ್ದು ಮಲಗಬಹುದು. ಗೆದ್ದವನ ಪಾಡು ಹಾಗಲ್ಲ, ತಾನು ಆಡಿದ ಮಾತಿನ ಜೊತೆಗೇ ಅವನು ಸಂಸಾರ ಮಾಡಬೇಕಾಗುತ್ತದೆ. ಉಡುಪಿಯಲ್ಲಿ ಕಾಲೇಜಿಗೆ ಹೋಗುವಾಗ ನನಗಿದು ತಿಳಿದಿರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಮಾತಾಡಿ, ಪರೀಕ್ಷೆ ಬೇಕೆಂದು ಒಂದು ಕಾಲೇಜಿನಲ್ಲೂ ಬೇಡವೆಂದು ಮತ್ತೊಂದರಲ್ಲೂ ಪರ್ಯಾಯ ಫಲಕ ಗೆದ್ದವನು ನಾನು. ದೇವರು, ದೈವ, ಶಕುನ, ಜಾತಕ ಇವುಗಳ ವಿಷಯದಲ್ಲಿ ಮಾತ್ರ ನನಗೆ ಚೀಟಿ ಬೇಕಿರಲಿಲ್ಲ, ಅಲ್ಲಿ ನಾನು ಯಾವಾಗಲೂ ವಿರೋಧ. ಈಗ ಕುವೈತಿನ ಫಹಾಹೀಲಿನಲ್ಲಿ ದೊಡ್ಡಮ್ಮನ ಮನೆಯ ಒಂದು ಕೋಣೆಯಲ್ಲಿ ಕುಳಿತು, ಗೆದ್ದ ವಾದವೊಂದರ ಫಲವನ್ನು ಉಣ್ಣುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನಗಿಂತ ಮೊದಲು ಬೇರೆ ಯಾರಾದರೂ ಹೇಳಿದರೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹೇಳುತ್ತಿದ್ದೇನೆ.

ರಾಯ್ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ನನಗೆ ಕೆಲಸ. ಪಕ್ಕದ ಮೇಜಿನವನು ಲ್ಯಾನ್ಸಿ, ಶಿರ್ವದ ಕಡೆಯವನು, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ, ಗೋದಾಮಿನವರ ಹತ್ತಿರ ಹಿಂದಿ. ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ಕ್ಲಬ್ಬೊಂದರ ಭಕ್ತ. ವಾರದ ರಜೆ ಮುಗಿದು ಭಾನುವಾರ ಆಫೀಸಿಗೆ ಬಂದರೆ ಅವನ ಮುಖ ನೋಡಿಯೇ ಶನಿವಾರದ ಫಲಿತಾಂಶ ಹೇಳಬಹುದಿತ್ತು. "ನಾವು ಗೆದ್ವಿ ಮಾರಾಯ" ಎಂದು ಅವನು ಒಂದು ಸಲ ಅಂದಾಗ ನನ್ನೊಳಗಿನ ಫಲಕಗಳೆಲ್ಲ ಒಟ್ಟಿಗೆ ಎದ್ದು ನಿಂತವು.

"ನಾವು ಅಂದ್ರೆ ಯಾರು? ನೀನು ಶಿರ್ವದವನು. ಆ ಊರಿಗೆ ಹೋಗ್ಲಿಕ್ಕೆ ನಿನಗೆ ವೀಸಾ ಕೂಡ ಇಲ್ಲ."

"ನಿಂಗೆ ಹೊಟ್ಟೆಕಿಚ್ಚು. ಪ್ರೀತಿ ಮಾಡ್ಲಿಕ್ಕೆ ಒಂದು ಟೀಮ್ ಇಲ್ಲ ನಿಂಗೆ."

"ಅದು ಪ್ರೀತಿಯಲ್ಲ, ಅಭ್ಯಾಸ. ಕಣ್ಣು ಮುಚ್ಚಿ ಬೆರಳಿಟ್ಟ ಕ್ಲಬ್ಬಿಗೂ ಒಂದು ಸೀಸನ್ ಜೈ ಅಂದ್ರೆ ಇದೇ ಪ್ರೀತಿ ಹುಟ್ತದೆ. ಬೇಕಾದ್ರೆ ಮಾಡಿ ತೋರಿಸ್ತೇನೆ."

"ಹಾಗಾ? ಮುಚ್ಚು ಕಣ್ಣು. ಇಡು ಬೆರಳು."

ಕಣ್ಣು ಮುಚ್ಚಿದೆ. ಆ ಪುಣ್ಯಾತ್ಮ ಅಷ್ಟರಲ್ಲಿ ಕಂಪ್ಯೂಟರಿನಲ್ಲಿದ್ದ ಕ್ಲಬ್ಬುಗಳ ಪಟ್ಟಿಯನ್ನು ಕೆಳಕ್ಕೆ ಸರಿಸಿದ್ದು ನನಗೆ ಕಾಣಲಿಲ್ಲ. ಬೆರಳು ಬಿದ್ದದ್ದು ಎರಡನೇ ದರ್ಜೆಯ ಒಂದು ಕ್ಲಬ್ಬಿನ ಮೇಲೆ. ಫುಟ್‌ಬಾಲ್ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜಗತ್ತೆಲ್ಲ ಟಿವಿಯಲ್ಲಿ ನೋಡುವುದು ಇಂಗ್ಲೆಂಡಿನ ಮೊದಲ ದರ್ಜೆಯ ಕ್ಲಬ್ಬುಗಳನ್ನು. ಅವುಗಳ ಕೆಳಗೆ ಎರಡನೇ ದರ್ಜೆ. ಅಲ್ಲಿ ಚೆನ್ನಾಗಿ ಆಡಿದ ಮೂರು ಕ್ಲಬ್ಬುಗಳು ವರ್ಷದ ಕೊನೆಗೆ ಮೇಲೆ ಹೋಗುತ್ತವೆ, ತೀರಾ ಕೆಟ್ಟದಾಗಿ ಆಡಿದ ಮೂರು ಮೂರನೇ ದರ್ಜೆಗೆ ಬೀಳುತ್ತವೆ. ನಡುವಿನವು ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಹಾಗೆ ಕುಳಿತಿರುತ್ತವೆ. ನನ್ನ ಕ್ಲಬ್ಬಿನ ಹೆಸರು ಹೇಳುವುದಿಲ್ಲ. ಅದರ ಮರ್ಯಾದೆ ಕಾಪಾಡಲಿಕ್ಕೆ ಅಲ್ಲ, ನನ್ನದನ್ನು ಕಾಪಾಡಲಿಕ್ಕೆ.

ಮೊದಮೊದಲು ವಿಜ್ಞಾನಿಯ ಗಾಂಭೀರ್ಯದಲ್ಲೇ ಫಲಿತಾಂಶ ನೋಡುತ್ತಿದ್ದೆ. ಸೋತರು. ಮತ್ತೆ ಸೋತರು. ನಮ್ಮ ಗೋಲ್‌ಕೀಪರನಿಗೆ ಒಂದು ಅಭ್ಯಾಸವಿತ್ತು. ಮನೆಯೊಳಗೆ ಇರಬೇಕಾದ ಹೊತ್ತಿಗೆ ಅಂಗಳಕ್ಕೆ ಬರುವುದು, ಅಂಗಳಕ್ಕೆ ಬರಬೇಕಾದಾಗ ಒಳಗೆ ಕುಳಿತುಕೊಳ್ಳುವುದು. ಚೆಂಡನ್ನು ಮುಂದಕ್ಕೆ ಒಯ್ಯಬೇಕಾದ ಮಹಾನುಭಾವ ಅದನ್ನು ಯಾರಿಗಾದರೂ ಕೊಟ್ಟು ಋಣ ಕಳೆದುಕೊಳ್ಳುವ ಅವಸರದಲ್ಲಿರುತ್ತಿದ್ದ, ಹೆಚ್ಚಾಗಿ ಎದುರಾಳಿಗೆ. ತರಬೇತುದಾರನನ್ನು ಬದಲಾಯಿಸಿದರು. ಹೊಸಬನೂ ಸೋಲಿಸಿದ. ಯಾವ ದಿನ ಎಂದು ತಿಳಿಯದು, ಚಳಿಗಾಲದ ಒಂದು ಭಾನುವಾರ ಆಫೀಸಿನಲ್ಲಿ "ನಾವು ಸೋತೆವು" ಎಂದು ನನ್ನ ಬಾಯಿಂದಲೇ ಬಂತು. ಲ್ಯಾನ್ಸಿ ಕುರ್ಚಿಯಿಂದ ಎದ್ದು ಬಂದು ಕೈ ಕುಲುಕಿ, "ಕಂಗ್ರಾಜುಲೇಷನ್ಸ್, ವಾದ ಗೆದ್ದಿ" ಅಂದ.

ಇನ್ನು ದೊಡ್ಡಮ್ಮನ ವಿಷಯ. ಅಮ್ಮನ ಅಕ್ಕ, ಸುಗುಣ ದೊಡ್ಡಮ್ಮ. ಅವರ ಮನೆಯಲ್ಲಿ ಪ್ರತಿ ಶನಿವಾರ ಸಂಜೆ ಭಜನೆ. ನಮ್ಮ ಕಡೆಯ ಕೆಲವು ಕುಟುಂಬಗಳು ಸೇರುತ್ತವೆ. ಕಿಟಕಿ ಬಾಗಿಲು ಮುಚ್ಚಿ, ಕಟ್ಟಡ ಕಾಯುವ ಹಾರಿಸನಿಗೆ ಕೇಳಿಸದಷ್ಟು ಮೆಲ್ಲಗೆ, ತಾಳವನ್ನೂ ಅಂಗೈಯಲ್ಲಿ ಅಡಗಿಸಿಕೊಂಡ ಹಾಗೆ ತಟ್ಟುವ ಭಜನೆ ಅದು. ನಾನು ಈ ಮನೆಗೆ ಬಂದ ಮೊದಲ ಶನಿವಾರವೇ ಪ್ರಾರ್ಥನೆಯ ನಿರರ್ಥಕತೆಯ ಬಗ್ಗೆ ಊಟದ ಮೇಜಿನಲ್ಲಿ ಮಾತಾಡಿ, ಚಪ್ಪಲಿ ಮೆಟ್ಟಿ ಸಮುದ್ರದ ಕಡೆ ಹೊರಟುಹೋಗಿದ್ದೆ. ದೊಡ್ಡಮ್ಮ ಮರುದಿನದಿಂದ ಮೀನು ತಿನ್ನುವುದನ್ನು ಬಿಟ್ಟರು. ನಾನು ಮನಸ್ಸಿಟ್ಟು ಭಜನೆಯಲ್ಲಿ ಕುಳಿತುಕೊಳ್ಳುವವರೆಗೆ ಮೀನು ಮುಟ್ಟುವುದಿಲ್ಲ ಎಂದು ದೈವಕ್ಕೆ ಹೇಳಿಕೊಂಡಿದ್ದರಂತೆ. ಕರಾವಳಿಯವರು ಮೀನು ಬಿಡುವುದೆಂದರೆ ಏನೆಂದು ಘಟ್ಟದ ಮೇಲಿನವರಿಗೆ ವಿವರಿಸುವುದು ಕಷ್ಟ. ತಾನು ತಿನ್ನದ್ದನ್ನು ಅಡಿಗೆ ಮಾಡುವುದೂ ಇಲ್ಲ ಎಂದರು, ಹೀಗಾಗಿ ಬೆಂಕಿ ಬಿದ್ದದ್ದು ದೊಡ್ಡಪ್ಪನ ಬಾಳೆಲೆಗೆ.

"ನಿನ್ನ ಬುದ್ಧಿಗೆ ನಾನು ಯಾಕೆ ಉಪವಾಸ ಮಾಡ್ಬೇಕು?" ಎಂದು ದೊಡ್ಡಪ್ಪ ನನ್ನನ್ನು ಕೇಳಿದರು. "ಒಂದರ್ಧ ಗಂಟೆ ಕೂತ್ರೆ ನಿನ್ನ ಸೈನ್ಸ್ ಎಂತ ಕರಗಿ ಹೋಗ್ತದಾ?"

ನಾನು ದೊಡ್ಡಮ್ಮನಿಗೆ ಇದು ಭಾವನಾತ್ಮಕ ಒತ್ತಡ ಎಂದು ವಾದಿಸಿದೆ. "ನೀನು ಹೋಟ್ಲಲ್ಲಿ ತಿನ್ನು ಮಗಾ, ನಿನ್ನನ್ನು ಯಾರು ಹಿಡ್ದಿದ್ದಾರೆ?" ಎಂದು ಅವರು ಸೌತೆಕಾಯಿ ಹುಳಿ ಬಡಿಸಿದರು.

ಹೀಗಿರುವಾಗ ವಸಂತದಲ್ಲಿ ಒಂದು ಶನಿವಾರ ಧೂಳಿನ ಬಿರುಗಾಳಿ ಎದ್ದಿತು. ಆಕಾಶ ಮೆಣಸಿನ ಪುಡಿಯ ಬಣ್ಣ. ಹೊರಗೆ ಹೋಗುವಂತಿಲ್ಲ, ನನ್ನ ಕೋಣೆಯಲ್ಲಿ ಭಜನೆಗೆ ಬಂದವರ ಮಕ್ಕಳನ್ನು ಮಲಗಿಸಿದ್ದರು. ವಿಧಿಯಿಲ್ಲದೆ ಭಜನೆಯ ಮೂಲೆಯಲ್ಲಿ ಕುಳಿತು ತೊಡೆಯ ಮೇಲೆ ಫೋನ್ ಇಟ್ಟುಕೊಂಡೆ. ಆ ಸಂಜೆ ನಮ್ಮ ಕ್ಲಬ್ಬು, ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಕ್ಲಬ್ಬನ್ನು ಅವರ ಅಂಗಳದಲ್ಲೇ ಸೋಲಿಸಿತು! ಮುಂದಿನ ಶನಿವಾರ ಎಂದಿನಂತೆ ಸಮುದ್ರಕ್ಕೆ ಹೋದೆ. ಸೋತರು. ಅದರ ಮುಂದಿನ ವಾರ, ಸುಮ್ಮನೆ, ಬರೀ ಪರೀಕ್ಷೆಗೆಂದು, ಭಜನೆಯಲ್ಲಿ ಕುಳಿತೆ. ಗೆದ್ದರು.

ಕಾಗೆ ಕೂರುವುದಕ್ಕೂ ತಾಳೆಕಾಯಿ ಬೀಳುವುದಕ್ಕೂ ಸಂಬಂಧವಿಲ್ಲ ಎಂದು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇನೆ! ಆ ಕಾಗೆಯ ಅನುಕರಣೆ ಮಾಡಿ ತೀರ್ಪುಗಾರರನ್ನು ನಗಿಸಿದ್ದೇನೆ. ಈಗ ಆ ಕಾಗೆ ನಾನೇ, ಪ್ರತಿ ಶನಿವಾರ ಹೋಗಿ ಕೂರುತ್ತಿದ್ದೆ. ಕೂತರೆ ಸಾಲದು, ತಾಳ ಹಿಡಿದರೆ ಒಳ್ಳೆಯದು ಅನ್ನಿಸಿತು. ಬರೀ ತಾಳ ಹೊಡೆದ ದಿನ ಪಂದ್ಯ ಸಮವಾಯಿತು, ಆದ್ದರಿಂದ ಹಾಡತೊಡಗಿದೆ. ಭಜನೆ ಹೇಳಿಸುವ ಹಿರಿಯರು ವಾಮನಣ್ಣ, "ಹುಡುಗನಿಗೆ ಸ್ವರ ಇಲ್ಲ, ಭಕ್ತಿ ಉಂಟು" ಅಂದರು. ದೊಡ್ಡಮ್ಮನ ಕಣ್ಣು ತುಂಬಿತು. ನಾಚಿಕೆಯಿಂದ ನನ್ನ ಕತ್ತು ಬಗ್ಗಿತು. ಅದನ್ನೂ ಅವರು ಭಕ್ತಿಯೆಂದೇ ತಿಳಿದರು.

ದೊಡ್ಡಪ್ಪ ಮರುದಿನ ಬೆಳಿಗ್ಗೆಯೇ ಚೀಲ ಹಿಡಿದು ಹೊರಟಿದ್ದರು. "ಹರಕೆ ಸಂದಿತಲ್ಲ ಸುಗುಣಾ? ಮಾರ್ಕೆಟಿನಲ್ಲಿ ಬಂಗುಡೆ ಬಂದಿದೆಯಂತೆ."

"ಬಂದು ಕೂತದ್ದು ಹೌದು," ಎಂದರು ದೊಡ್ಡಮ್ಮ, ನನ್ನನ್ನೇ ನೋಡುತ್ತ. "ಮನಸ್ಸಿಟ್ಟು ಕೂತದ್ದಾ ಅಂತ ದೈವವೇ ಹೇಳ್ಬೇಕು. ಅಲ್ಲಿವರೆಗೆ ಬೇಡ."

ದೊಡ್ಡಪ್ಪ ಚೀಲ ಮಡಚಿದರು. ನಿಜ ನನ್ನ ಬಾಯಿಯ ತನಕ ಬಂತು. ಆದರೆ ಏನೆಂದು ಹೇಳಲಿ? ನಾನು ಕೂತದ್ದು ದೇವರಿಗಲ್ಲ, ಇಂಗ್ಲೆಂಡಿನಲ್ಲಿ ಯಾವುದೋ ಗೋಲ್‌ಕೀಪರ್ ಮನೆಯೊಳಗೆ ಇರಲಿ ಎಂದು ಅಂತಲೆ? ಹೇಳಿದರೆ ದೊಡ್ಡಮ್ಮನಿಗೆ ಈ ಜನ್ಮದಲ್ಲಿ ಮೀನಿಲ್ಲ. ಹೇಳದಿದ್ದರೆ ನನ್ನ ಕಳ್ಳ ಭಕ್ತಿಗೆ ಅವರು ನಿಜವಾದ ಉಪವಾಸ ಮಾಡುತ್ತಲೇ ಇರುತ್ತಾರೆ. ಎರಡು ಪಕ್ಷದಲ್ಲೂ ಮಾತಾಡಬಲ್ಲ ನಾನು ಮೊದಲ ಸಲ ಎರಡರಲ್ಲೂ ಮೂಕನಾದೆ.

ಸೀಸನ್ನಿನ ಕೊನೆಯ ಶನಿವಾರ ಬಂತು. ಗೆದ್ದರೆ ಎರಡನೇ ದರ್ಜೆಯಲ್ಲಿ ಉಳಿಯುತ್ತೇವೆ, ಸಮವಾದರೂ ಬೀಳುತ್ತೇವೆ. ಗಣಪತಿ ಸ್ತುತಿಯ ಹೊತ್ತಿಗೆ ಪಂದ್ಯದ ಮೊದಲರ್ಧ ಮುಗಿದಿತ್ತು, ಎರಡೂ ಕಡೆ ಸೊನ್ನೆ. ಫೋನು ಶಾಲಿನ ಅಡಿಯಲ್ಲಿ, ಗೋಲಾದರೆ ಅದು ನಡುಗುವಂತೆ ಇಟ್ಟಿದ್ದೆ. ಅಷ್ಟು ಮನಸ್ಸಿಟ್ಟು ನಾನು ಯಾವ ಪರೀಕ್ಷೆಗೂ ಓದಿದವನಲ್ಲ, ಹಾಗೆ ಹಾಡಿದೆ. ಎಲ್ಲರೂ ಮಂಗಳಾರತಿಗೆ ಎದ್ದರು. ಕರ್ಪೂರ ಹೊತ್ತಿಸಿದರು. ಎಲ್ಲರೂ ಕಣ್ಣು ಮುಚ್ಚಿದ ಆ ನಿಶ್ಶಬ್ದದಲ್ಲಿ ಫೋನು ನಡುಗಿತು. ಶಾಲು ಸರಿಸಿ ನೋಡಿದೆ. ಗೋಲು! ನಮ್ಮದು! ಕೊನೆಯ ನಿಮಿಷದಲ್ಲಿ!

ಆಮೇಲೆ ನಡೆದದ್ದಕ್ಕೆ ನಾನು ಅರ್ಧ ಮಾತ್ರ ಜವಾಬ್ದಾರ. ಹಾರಿದ್ದು ಹೌದು. ಕುವೈತಿನ ಆ ಕಟ್ಟಡ ಎಂದೂ ಕೇಳಿರದಂಥ ಕೂಗು ಹಾಕಿದ್ದೂ ಹೌದು. ತಾಳ ಕೈತಪ್ಪಿ ನೆಲಕ್ಕೆ ಬಿದ್ದು ಝಣ್ ಎಂದಿತು. ಮೈಯೆಲ್ಲ ನಡುಗುತ್ತಿತ್ತು, ಕಣ್ಣಲ್ಲಿ ನೀರು. ಕಣ್ಣು ತೆರೆದು ನೋಡುತ್ತೇನೆ, ನನ್ನ ಸುತ್ತ ಜಾಗ ಬಿಟ್ಟು ಎಲ್ಲರೂ ಕೈಮುಗಿದು ನಿಂತಿದ್ದಾರೆ. ನಮ್ಮ ಊರಿನಲ್ಲಿ ಭಜನೆಯ ನಡುವೆ ಒಬ್ಬ ನಡುಗುತ್ತ ಕೂಗಿದರೆ ಅದಕ್ಕೆ ಒಂದೇ ಅರ್ಥ: ಮೈಮೇಲೆ ದೈವ ಬಂದಿದೆ.

ವಾಮನಣ್ಣ ಮುಂದೆ ಬಂದು ವಿನಯದಿಂದ, "ಎಂತ ಅಪ್ಪಣೆ? ನುಡಿ ಆಗ್ಬೇಕು," ಅಂದರು.

ದೊಡ್ಡಪ್ಪ ನನ್ನ ಕಿವಿಯ ಹತ್ತಿರ, "ಅಪ್ಪಣೆ ಎಂತ ಇದ್ರೂ ಮೆಲ್ಲ. ಹಾರಿಸ್ ಬರ್ತಾನೆ," ಅಂದರು.

ಆಗ ದೊಡ್ಡಮ್ಮ ಸೆರಗು ಹೊದ್ದು, ನನಗೆ, ತಾವೇ ಬಟ್ಟೆ ಒಗೆದುಕೊಡುವ ನನಗೆ, ತಲೆಬಾಗಿ ಕೇಳಿದರು: "ಸ್ವಾಮೀ, ಈ ಹುಡುಗ ಮನಸ್ಸಿಟ್ಟು ಕೂತಿದ್ದಾನಾ? ನನ್ನ ಹರಕೆ ಸಂದಿತಾ?"

ಇಷ್ಟು ವರ್ಷ ಪುರಾವೆ ಕೊಡಿ ಎಂದು ದೇವರನ್ನು ಕಾಡಿದವನನ್ನು, ದೇವರ ಕುರ್ಚಿ ಖಾಲಿ ಮಾಡಿ ಅದರಲ್ಲೇ ಕೂರಿಸಿದ ಹಾಗಾಯಿತು. ಸತ್ಯ ಹೇಳಿದರೆ ಆ ಮುಖ ಏನಾಗುತ್ತದೆಂದು ನೋಡುವ ಧೈರ್ಯ ನನಗಿರಲಿಲ್ಲ. "ಸಂದಿದೆ," ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮಾತು ಶುರುವಾದರೆ ಮುಗಿಸುವವರೆಗೆ ಬಿಡದ ತರಬೇತಿ ನನ್ನದು. "ಹರಕೆಯು ಸಂಪೂರ್ಣವಾಗಿ ಸಂದಾಯವಾಗಿದೆ. ಇನ್ನು ಮೀನು ಸೇವಿಸಲು ಯಾವುದೇ ಅಭ್ಯಂತರವಿರುವುದಿಲ್ಲ."

ವಾಮನಣ್ಣನ ಹುಬ್ಬು ಮೇಲೇರಿತು. "ನಮ್ಮ ದೈವ ತುಳುವಿನಲ್ಲಿ ಅಲ್ವಾ ಮಾತಾಡುದು? ಇದೆಂತ ಕನ್ನಡ, ಅದೂ ಆಫೀಸಿನದ್ದು?"

"ಕುವೈತ್ ಅಲ್ವಾ ವಾಮನಣ್ಣ," ದೊಡ್ಡಪ್ಪ ತಟ್ಟನೆ ಅಂದರು. "ಎಲ್ಲರಿಗೂ ಗೊತ್ತಾಗ್ಬೇಕಲ್ಲ. ಮೀನಿನ ವಿಷಯ ಸ್ಪಷ್ಟ ಹೇಳಿದೆ, ಸಾಕು."

ಅಷ್ಟರಲ್ಲಿ ಫೋನು ಮತ್ತೆ ನಡುಗಿತು. ಶಾಲಿನ ಸಂದಿಯಿಂದ ನೋಡಿದೆ. ಗೋಲು ರದ್ದು. ನಮ್ಮ ಆಟಗಾರ ಆಫ್‌ಸೈಡ್, ನಿಲ್ಲಬಾರದ ಕಡೆ ನಿಂತಿದ್ದನಂತೆ. ಪಂದ್ಯ ಮುಗಿದಿದೆ. ಅಲ್ಲೇ ಜಮಖಾನದ ಮೇಲೆ ಕುಸಿದೆ. "ಬಿಟ್ಟು ಹೋಯ್ತು," ಎಂದು ವಾಮನಣ್ಣ ತೃಪ್ತಿಯಿಂದ ನೀರು ಚಿಮುಕಿಸಿದರು. ತುಳು ಬಾರದ ದೈವದ ಮೇಲೆ ಅವರಿಗಿದ್ದ ಅನುಮಾನ ನನ್ನ ಆ ಮುಖ ನೋಡಿದ ಮೇಲೆ ಉಳಿಯಲಿಲ್ಲ. ಅಂಥ ದುಃಖವನ್ನು ಯಾರೂ ನಟಿಸಲಾರರು.

ಶನಿವಾರ ನಮ್ಮಲ್ಲಿ ಮೀನು ತಿನ್ನುವುದಿಲ್ಲವಾದ್ದರಿಂದ ಭಾನುವಾರ ಸಂಜೆ ಹುಳಿ, ಮೆಣಸು ಅರೆದು ಹಾಕಿದ ಬಂಗುಡೆ ಪುಳಿಮುಂಚಿ ಆಯಿತು. ದೊಡ್ಡಪ್ಪ ತಲೆ ಎತ್ತದೆ ಉಣ್ಣುತ್ತಿದ್ದರು. ದೊಡ್ಡಮ್ಮ ಮಾತ್ರ ತಟ್ಟೆಯ ಮುಂದೆ ಕೈಕಟ್ಟಿ ಕುಳಿತು, "ಮಗಾ, ನಿನ್ನೆ ಎಂತ ಆಯ್ತು ಅಂತ ನಿಂಗೆ ನೆನಪುಂಟಾ?" ಅಂದರು.

ನಾನು ಒಂದು ಗುಟುಕು ನೀರು ಕುಡಿದೆ. "ದೊಡ್ಡಮ್ಮಾ, ಈ ವಿಷಯವನ್ನು ಎರಡು ರೀತಿಯಲ್ಲಿ..."

"ಭಾಷಣ ಬೇಡ. ನೆನಪುಂಟಾ, ಇಲ್ವಾ?"

ದೊಡ್ಡಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅವರ ಕಣ್ಣು ನನ್ನನ್ನು ಬೇಡುತ್ತಿತ್ತು.

"ಇಲ್ಲ," ಎಂದೆ.

ದೊಡ್ಡಮ್ಮ ತಲೆಯಾಡಿಸಿ, ಮೀನಿನ ಮುಳ್ಳು ಬಿಡಿಸಿ, ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮಂಗಳಾರತಿಯಲ್ಲೂ ಅವರು ಹಾಗೆ ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ. ಆಮೇಲೆ ಇನ್ನೊಂದು ಬಂಗುಡೆ ತೆಗೆದು ನನ್ನ ತಟ್ಟೆಗೆ ಹಾಕಿದರು. "ತಿನ್ನು. ಮೂರನೇ ಕ್ಲಾಸಿಗೆ ಬಿದ್ರು ಅಂತ ಊಟ ಬಿಡ್ಬೇಡ. ಬರುವ ವರ್ಷ ಪಾಸಾಗಿ ವಾಪಸ್ ಬರ್ತಾರೆ."

"ನಿಮಗೆ... ಯಾರು ಹೇಳಿದ್ದು?"

"ಲ್ಯಾನ್ಸಿ ಬೆಳಿಗ್ಗೆ ಫೋನ್ ಮಾಡಿದ್ದ. ಆಂಟಿ, ಕೊನೆ ನಿಮಿಷದ ಗೋಲು ರದ್ದಾಯ್ತು, ಹುಡುಗನನ್ನು ಸ್ವಲ್ಪ ನೋಡಿಕೊಳ್ಳಿ ಅಂದ."

"ಹಾಗಾದ್ರೆ ನಿಮಗೆ ಎಲ್ಲ ಗೊತ್ತಾಗಿಯೂ ಮೀನು..."

"ಎಂತ ಗೊತ್ತಾಗುದು?" ದೊಡ್ಡಮ್ಮ ಬೆರಳು ಚೀಪಿದರು. "ನಾನು ಕೇಳಿದೆ, ದೈವ ಹೇಳಿತು. ವಾಮನಣ್ಣ ಇದ್ರು, ಹತ್ತು ಜನ ಇದ್ರು. ನಿಂಗೆ ನೆನಪಿಲ್ಲ ಅಂತ ನೀನೇ ಹೇಳಿದಿ. ಈಗ ಬೇರೆ ಎಂತ ಹೇಳ್ತಿ?"

ಅಷ್ಟು ಫಲಕ ಗೆದ್ದ ನನ್ನನ್ನು ಇಷ್ಟು ಚಿಕ್ಕ ವಾಕ್ಯಗಳಲ್ಲಿ ಯಾರೂ ಕೆಡವಿರಲಿಲ್ಲ. ಅಂದಿನಿಂದ ಯೋಚಿಸುತ್ತಿದ್ದೇನೆ, ಯೋಚಿಸಿದಷ್ಟೂ ತಲೆ ತಗ್ಗುತ್ತಿದೆ. ದೊಡ್ಡಪ್ಪನಿಗೆ ಬೇಕಿದ್ದದ್ದು ಬಂಗುಡೆ. ದೊಡ್ಡಮ್ಮನಿಗೂ ಕೊನೆಕೊನೆಗೆ ಅದೇ ಬೇಕಿತ್ತೋ ಏನೋ. ವಾಮನಣ್ಣ ದೈವದ ಭಾಷೆಯ ಬಗ್ಗೆಯೇ ಸಂಶಯ ಪಟ್ಟರು. ಆ ಕೋಣೆಯಲ್ಲಿ ಹಾಡಿದರೆ ಫಲ ಸಿಗುತ್ತದೆಂದು ಪ್ರಾಮಾಣಿಕವಾಗಿ ನಂಬಿ ಹಾಡಿದವನು ನಾನೊಬ್ಬನೇ.

ಮೂರನೇ ದರ್ಜೆಯ ಸೀಸನ್ ಆಗಸ್ಟಿನಲ್ಲಿ ಶುರು. ಆ ಹೊತ್ತಿಗೆ ದೊಡ್ಡಮ್ಮ, ವಾಮನಣ್ಣ, ಎಲ್ಲರೂ ಬೇಸಿಗೆ ರಜೆಗೆ ಊರಿಗೆ ಹೋಗಿರುತ್ತಾರೆ, ಮನೆಯಲ್ಲಿ ಭಜನೆ ಇಲ್ಲ. ನಿನ್ನೆಯಿಂದ ನಾನು ಗುರುತಿನವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ದನಿ ತಗ್ಗಿಸಿ ಕೇಳುತ್ತಿದ್ದೇನೆ: "ಆಗಸ್ಟಿನಲ್ಲಿ ಶನಿವಾರ ಸಂಜೆ ನಿಮ್ಮ ಕಡೆ ಎಲ್ಲಾದರೂ ಭಜನೆ ಉಂಟಾ? ತಾಳ ನಾನೇ ತರ್ತೇನೆ."